ವೇದಿಕೆಗೆ ಬೆನ್ನು ಹಾಕಿ ಕೇಳಿದ ಆಲ್ಬಂ

ದಿ ಪಾಂಡ್ಸ್

ಸಿಡ್ನಿಗೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳುವುದು ಆ ಸೇತುವೆಯ ಬಗ್ಗೆ. ನೋಡಿದೆ. ಕಬ್ಬಿಣದ್ದು, ದೊಡ್ಡದು, ಸದ್ಯಕ್ಕೆ ಬೀಳುವ ಲಕ್ಷಣವಿಲ್ಲ. ಅದರ ಬಗ್ಗೆ ನನ್ನ ವಾದ ಅಲ್ಲಿಗೆ ಮುಗಿಯಿತು. ನಾನು ಬರೆಯಲು ಕೂತಿರುವುದು ಬೇರೆಯದರ ಬಗ್ಗೆ. ಸಿಡ್ನಿಯ ಒಂದು ಊಟದ ಮೇಜಿನ ಮುಂದೆ ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲಿ ಮೆಲ್ಬರ್ನ್ ತನಕ ಹೋದೆ. ಆಸ್ಟ್ರೇಲಿಯಾ ಎಂದರೆ ಇವತ್ತಿಗೂ ನನಗೆ ನೆನಪಾಗುವುದು ಕಾಂಗರೂ ಅಲ್ಲ, ಒಣಗಿದ ಬಾಯಿ.

ಚಿಕ್ಕಮ್ಮನ ಮನೆ ಇರುವುದು ದಿ ಪಾಂಡ್ಸ್ ಎಂಬ ಸಬರ್ಬ್‌ನಲ್ಲಿ. ಅಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು: ಬೂದು ಗ್ಯಾರೇಜು, ಬೂದು ಬಾಗಿಲು, ಮುಂದೆ ಅಂಗೈಯಗಲದ ಹುಲ್ಲು. ಮೊದಲ ದಿನವೇ ವಾಕಿಂಗ್ ಹೋಗಿ ಬಂದು ಬೇರೆ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ತೆಲುಗು ಆಂಟಿ ನಾನು ಯಾರೆಂದು ಕೇಳದೆಯೇ ಒಳಗೆ ಕೂರಿಸಿ ಕಾಫಿ ಕೊಟ್ಟರು. ಅರ್ಧ ಕಪ್ ಕುಡಿದ ಮೇಲೆ ಇಬ್ಬರಿಗೂ ಅನುಮಾನ ಬಂತು. "ನೀವು ಮಾಲತಿ ಮನೆಗೆ ಬಂದವರು ಅಲ್ವಾ? ಕಾಫಿ ಮುಗಿಸಿ ಹೋಗಿ" ಅಂದರು.

ಮಾಲತಿ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಉಡುಪಿ ಕಡೆಯವಳು. ಅಮ್ಮ ಮದುವೆಯಾಗಿ ತುಮಕೂರಿಗೆ ಬಂದಳು, ಚಿಕ್ಕಮ್ಮ ಮದುವೆಯಾಗಿ ಸಿಡ್ನಿಗೆ ಹೋದಳು. ವೆಸ್ಟ್‌ಮೀಡ್‌ನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆ ಕೆಲಸದ ಒಂದು ಅಭ್ಯಾಸ ಅವಳ ಇಡೀ ಬದುಕಿಗೆ ಹಬ್ಬಿದೆ. ರಕ್ತದ ಟ್ಯೂಬು ಬಂದರೆ ಅದರ ಮೇಲಿನ ಹೆಸರನ್ನು ಓದಿ ಪಟ್ಟಿಯಲ್ಲಿ ಒಂದು ಟಿಕ್ ಹಾಕಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಮತ್ತೊಮ್ಮೆ ಮೊದಲಿಂದ ಓದಿ ಎರಡನೇ ಟಿಕ್ ಹಾಕಬೇಕು. "ಒಂದು ಟಿಕ್ ಅಂದ್ರೆ ಮಾಡಿದ್ದೇನೆ ಅಂತ. ಎರಡು ಟಿಕ್ ಅಂದ್ರೆ ನೋಡಿದ್ದೇನೆ ಅಂತ. ಎರಡೂ ಬೇರೆ ಬೇರೆ ಮಾರಾಯ್ತಿ" ಅನ್ನುವುದು ಅವಳ ಮಾತು. ಫ್ರಿಜ್ಜಿನ ಬಾಗಿಲ ಮೇಲೆ ಅವಳು ಅಂಟಿಸುವ ತರಕಾರಿ ಪಟ್ಟಿಯಲ್ಲೂ ಬೆಂಡೆಕಾಯಿಗೆ ಎರಡು ಟಿಕ್ ಇರುತ್ತದೆ.

ಅವಳ ಮಗಳು ಇಶಾ. ಹತ್ತೊಂಬತ್ತು ವರ್ಷ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಹದಿನಾರು ವರ್ಷದವಳಿದ್ದಾಗ ದೀಪಾವಳಿಗೆ ಕಮ್ಯುನಿಟಿ ಹಾಲ್‌ನಲ್ಲಿ ಕಾರ್ಯಕ್ರಮವಿತ್ತಂತೆ. ಊಟವಾದ ಮೇಲೆ ಡಿಜೆ. ಪಟಪಟನೆ ಹತ್ತಿ ಆರುವ ದೀಪ, ಸ್ಟ್ರೋಬ್ ಎನ್ನುತ್ತಾರಲ್ಲ, ಅದನ್ನು ಹಾಕಿದ್ದರು. ಕುಣಿಯುತ್ತಿದ್ದ ಇಶಾ ನಿಂತಲ್ಲೇ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಚಿಕ್ಕಮ್ಮ ಪಾಯಸದ ಬಟ್ಟಲು ಹಿಡಿದುಕೊಂಡೇ ಓಡಿದ್ದಳಂತೆ. ಮೂರ್ಛೆರೋಗ ಅಂದರು ಡಾಕ್ಟರು. ಬೆಳಕಿನಿಂದಲೇ ಬಂತು ಅಂತ ಖಚಿತವಾಗಿ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು ಅಂದರು. ಮಾತ್ರೆ ಶುರುವಾಯಿತು. ಮೂರು ವರ್ಷದಿಂದ ಮತ್ತೆ ಬಂದಿಲ್ಲ. ಮೂರು ವರ್ಷದಿಂದ ಇಶಾ ಸಿನಿಮಾಕ್ಕೂ ಹೋಗಿಲ್ಲ, ಸ್ನೇಹಿತರ ಪಾರ್ಟಿಗೂ ಹೋಗಿಲ್ಲ.

ಅವಳು ಬಿದ್ದಾಗ ಆ ಹಾಲ್‌ನಲ್ಲಿ ಒಂದು ಹಾಡು ನಡೆಯುತ್ತಿತ್ತು. ಫ್ರಾನ್ಸಿನ ಇಬ್ಬರು ಎಲೆಕ್ಟ್ರಾನಿಕ್ ಸಂಗೀತಗಾರರ ಜೋಡಿಯ ಮೊಟ್ಟಮೊದಲ ಆಲ್ಬಂನ ಏಳನೇ ಹಾಡು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಜನ್ಮದಲ್ಲಿ ಮತ್ತೆ ಕೇಳುತ್ತಿರಲಿಲ್ಲ. ಇಶಾ ಉಲ್ಟಾ. ಇಡೀ ಆಲ್ಬಂ ಅವಳಿಗೆ ಬಾಯಿಪಾಠ. ಬಾಯಿಪಾಠ ಮಾಡಲು ಅದರಲ್ಲಿ ಮಾತೇ ಇಲ್ಲ ಅನ್ನುವುದು ನನ್ನ ಮೊದಲ ಆಕ್ಷೇಪಣೆಯಾಗಿತ್ತು. ಹತ್ತು ಹಾಡು. ಕವರಿನ ಮೇಲೆ ಅರ್ಧ ಎಳೆದ ಅಂಗಡಿ ಶಟರ್‌ನ ಚಿತ್ರ. ಒಳಗಿನ ಸದ್ದು, ನನ್ನ ಕಿವಿಗೆ, ತೆಂಗಿನಕಾಯಿ ಚೂರು ಸಿಕ್ಕಿಹಾಕಿಕೊಂಡ ಮಿಕ್ಸಿಯದು.

ಆ ಜೋಡಿ ಅದೇ ಹಳೇ ಆಲ್ಬಂ ಅನ್ನು ಮೊದಲಿಂದ ಕೊನೆಯ ತನಕ ನುಡಿಸಲು ಮೆಲ್ಬರ್ನ್‌ಗೆ ಬರುತ್ತಿತ್ತು. ಇಶಾ ಟಿಕೆಟ್ ಬುಕ್ ಮಾಡಿಬಿಟ್ಟಿದ್ದಳು, ಎರಡು. ಒಂದು ನನಗೆ.

"ಅಕ್ಕ, ಆ ಸೆವೆಂತ್ ಸಾಂಗ್ ನಾನು ಎಂಡ್ ತನಕ ಕೇಳೇ ಇಲ್ಲ. ಐ ಮೀನ್, ಸ್ಟ್ಯಾಂಡಿಂಗ್ ಅಪ್. ಜನರ ಮಧ್ಯೆ. ಐ ವಾಂಟ್ ಟು ಬಿ ಸ್ಟ್ಯಾಂಡಿಂಗ್ ವೆನ್ ಇಟ್ ಎಂಡ್ಸ್" ಎಂದಳು. ಅದು ಅವಳ ಪಕ್ಷ. ಚಿಕ್ಕಮ್ಮನನ್ನು ಒಪ್ಪಿಸುವ ವಕಾಲತ್ತು ನನಗೆ ಬಂತು.

ನಾನು ತುಮಕೂರಿನಲ್ಲಿ ಕಾನೂನು ಓದುವವಳು. ಅದಕ್ಕಿಂತ ಮುಖ್ಯವಾಗಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಅಲ್ಲಿ ನಾಣ್ಯ ಚಿಮ್ಮಿ ಪರವೋ ವಿರೋಧವೋ ನಿರ್ಧರಿಸುತ್ತಾರೆ. ನೀವು ಏನು ನಂಬುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನಮಗೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ: ಎದುರಾಳಿ ಪ್ರಶ್ನೆ ಮಾಡದ ಮಾತು ಗೆದ್ದ ಮಾತು.

ಸೋಮವಾರ ಸಂಜೆ ಊಟದ ಮೇಜಿನಲ್ಲಿ ಶುರುವಾಯಿತು. ಚಿಕ್ಕಪ್ಪ ಆಫೀಸಿನ ಕೆಲಸಕ್ಕೆ ಪರ್ತ್‌ಗೆ ಹೋಗಿದ್ದರು, ಆದ್ದರಿಂದ ತೀರ್ಪುಗಾರರಿಲ್ಲ. ಅವಳು ಮಾತ್ರೆ ತಪ್ಪಿಸಿಲ್ಲ ಅಂದೆ. ಬಸ್ಸಿನ ಕಿಟಕಿಯಲ್ಲಿ ಮರಗಳ ನಡುವೆ ಬಿಸಿಲು ಮಿಣಮಿಣ ಅನ್ನುವುದಿಲ್ಲವೇ, ಹಾಗಂತ ಬಸ್ಸು ಬೇಡ ಅನ್ನುತ್ತೀಯಾ ಅಂದೆ. ಚಿಕ್ಕಮ್ಮ ಸಾರು ಬಡಿಸುತ್ತಾ ಎಲ್ಲ ಕೇಳಿದಳು.

"ನೀನು ಚೆಂದ ಮಾತಾಡ್ತೀ ನಿಧಿ. ಸಾದಾ ಲೈಟಾದ್ರೆ ಹೋಗ್ಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ನಂಗೆ ಗೊತ್ತಾಗ್ಬೇಕಾದ್ದು ಒಂದೇ. ಆ ಪಟಪಟ ಲೈಟ್ ಉಂಟಾ, ಇಲ್ವಾ?"

ನಾನು ಹಿಂದಿನ ವಾರವೇ ಮೆಲ್ಬರ್ನ್ ಹಾಲ್‌ನವರಿಗೆ ಮೇಲ್ ಬರೆದು ಕೇಳಿದ್ದೆ. ಉತ್ತರ ಬಂದಿರಲಿಲ್ಲ. ಇದು ಸತ್ಯ. ನನ್ನ ಬಾಯಿಂದ ಬಂದದ್ದು ಇದು:

"ಕೇಳಿದ್ದೀನಿ ಚಿಕ್ಕಮ್ಮ. ಸ್ಟ್ರೋಬ್ ಇಲ್ಲವಂತೆ."

"ಬರ್ದು ಹೇಳಿದ್ದಾರಾ?"

"ಹೂಂ. ಬರ್ದಿದ್ದಾರೆ."

ಹೀಗೆ ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಗಂಟೆ ಬಾರಿಸುವ ಮುಂಚೆ ಕೊನೆಯ ಅಂಕ ಗಿಟ್ಟಿಸುವ ಚಟ, ಅಷ್ಟೇ. ಚಿಕ್ಕಮ್ಮ ಇನ್ನೊಂದು ಪ್ರಶ್ನೆ ಕೇಳುತ್ತಾಳೆ, 'ತೋರ್ಸು' ಅನ್ನುತ್ತಾಳೆ, ನಾನು ಸಿಕ್ಕಿಬೀಳುತ್ತೇನೆ ಎಂದು ಕಾದೆ. ಅವಳು ಸೌಟು ಕೆಳಗಿಟ್ಟಳು.

"ಹಾಗಾದ್ರೆ ಹೋಗಿ ಬನ್ನಿ."

ಗುರುತಿಲ್ಲದವರ ರಕ್ತದ ಟ್ಯೂಬನ್ನು ಎರಡು ಸಲ ನೋಡುವವಳು ಅಕ್ಕನ ಮಗಳ ಮಾತನ್ನು ಒಂದೇ ಸಲ ನೋಡಿದಳು. ನಾನು ಗೆದ್ದೆ.

ಸೆಂಟ್ರಲ್‌ನಿಂದ ಹೊರಟ ರೈಲು

ಗುರುವಾರ ಬೆಳಗ್ಗೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಮೆಲ್ಬರ್ನ್‌ಗೆ ವಿಮಾನದಲ್ಲಿ ಹೋದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ರೈಲಿನಲ್ಲಿ ಇಡೀ ಹಗಲು. ಇಶಾಗೆ ರೈಲೇ ಬೇಕಿತ್ತು. ನನಗೂ ನಿಧಾನವೇ ಬೇಕಿತ್ತು, ಅಷ್ಟರೊಳಗೆ ಉತ್ತರ ಬರಲಿ, ನನ್ನ ಸುಳ್ಳು ತಾನಾಗಿ ಸತ್ಯವಾಗಲಿ ಎಂಬ ಆಸೆ. ದೇವರನ್ನು ನಂಬದವಳು ನಾನು. ಸೆಂಟ್ರಲ್‌ನಿಂದ ಗೋಲ್ಬರ್ನ್ ತನಕ ಮೇಲ್‌ಬಾಕ್ಸನ್ನು ನಂಬಿದೆ.

ಈ ದೇಶದಲ್ಲಿ ಎಲ್ಲದಕ್ಕೂ ಎಚ್ಚರಿಕೆ ಉಂಟು. ಪ್ಲಾಟ್‌ಫಾರಂ ಅಂಚಿನಲ್ಲಿ ಎಚ್ಚರಿಕೆ, ಕಾಫಿ ಬಿಸಿಯಿದೆ ಎಂದು ಎಚ್ಚರಿಕೆ, ಪಾರ್ಕಿನ ಹುಲ್ಲಿನಲ್ಲಿ ಹಾವಿದೆ ಎಂದು ಬೋರ್ಡು. ನಮ್ಮೂರಲ್ಲಿ ರಸ್ತೆ ನಡುವೆ ಗುಂಡಿ ಬಿದ್ದರೆ ಯಾರೋ ಪುಣ್ಯಾತ್ಮರು ಒಂದು ಬೇವಿನ ಕೊಂಬೆ ನೆಡುತ್ತಾರೆ, ಅದೇ ಸರ್ಕಾರಿ ಪ್ರಕಟಣೆ. ಇಷ್ಟೊಂದು ಎಚ್ಚರಿಸುವ ಜನ ಬಾಯಿಬಿಟ್ಟರೆ ಮಾತ್ರ ಹೇಳುವುದು 'ನೋ ವರೀಸ್'. ಕಾಲು ತುಳಿದರೂ ನೋ ವರೀಸ್, ಥ್ಯಾಂಕ್ಸ್ ಅಂದರೂ ನೋ ವರೀಸ್. ಚಿಂತೆ ಇಲ್ಲ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಸ್ವಾಮಿ ಎಂದು ಕೇಳಬೇಕೆನಿಸುತ್ತಿತ್ತು.

ನಮ್ಮ ಎದುರು ಸಾಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದಳು. ಹೆಸರು ಬೆವ್, ವಾಗಾ ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದಳು. ಜನವರಿಯ ಉರಿಬಿಸಿಲಲ್ಲಿ ಉಣ್ಣೆಯ ಟೋಪಿ ಹೆಣೆಯುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ ಡಬ್ಬಿ ತೆರೆದು ಸುತ್ತಲಿನವರಿಗೆಲ್ಲ ಪೆಪ್ಪರ್‌ಮಿಂಟ್ ಹಂಚುವಳು. ನಮ್ಮ ರೈಲುಗಳಲ್ಲಿ ಅಪರಿಚಿತರು ತಿಂಡಿ ಕೊಟ್ಟರೆ ತಿನ್ನಬೇಡಿ ಎಂದು ಬರೆದಿರುತ್ತಾರೆ. ನಾನು ಮೊದಲ ಪೆಪ್ಪರ್‌ಮಿಂಟನ್ನು ಕಿಸೆಗೆ ಹಾಕಿಕೊಂಡೆ. ಇಶಾ ಬಾಯಿಗೇ ಹಾಕಿಕೊಂಡಳು. ನಾನು ಅವಳ ಮುಖ ನೋಡುತ್ತಾ ಕೂತೆ.

"ವೈ ಆರ್ ಯು ಸ್ಟೇರಿಂಗ್ ಅಟ್ ಮಿ?"

"ಏನಿಲ್ಲ. ಮಾತ್ರೆ ತಗೊಂಡ್ಯಾ?"

"ಅಕ್ಕ, ಯು ಸೌಂಡ್ ಲೈಕ್ ಅಮ್ಮ."

ಅವಳು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಸಿಕ್ಕಿಸಿದಳು. ಆಲ್ಬಂ ಶುರುವಾಯಿತು. ಕಿಟಕಿಯಾಚೆ ಒಣಹುಲ್ಲಿನ ಹಳದಿ ಗುಡ್ಡಗಳು, ಅಲ್ಲೊಂದು ಇಲ್ಲೊಂದು ಬಿಳಿ ಮರ. ಕುರಿಗಳು ರೈಲಿಗೆ ಅಂಡು ತೋರಿಸಿ ನಿಂತಿದ್ದವು. ಹಟ ಬಿಟ್ಟು ಕೇಳಿದ ಮೇಲೆ ನನ್ನ ಮಿಕ್ಸಿ ವಾದ ಸಡಿಲವಾಯಿತು. ಆ ಇಬ್ಬರು ಮೊದಲು ಒಂದೇ ಒಂದು ಪೆಟ್ಟನ್ನು ಹಾಕುತ್ತಾರೆ, ದಿಂ, ದಿಂ, ದಿಂ, ಗೋಡೆಯಾಚೆ ಯಾರೋ ಒನಕೆ ಕುಟ್ಟಿದ ಹಾಗೆ. ಮೇಲೆ ಒಂದು ಒರಟು ಸದ್ದನ್ನು ತಂದು ಎಳೆಯುತ್ತಾರೆ, ಎಳೆಯುತ್ತಾರೆ, ಇನ್ನು ಹರಿಯುತ್ತದೆ ಅನ್ನುವಾಗ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಒಂದು ಉಸಿರಿನಷ್ಟು ಮೌನ. ಆಮೇಲೆ ಇಡೀ ಸದ್ದು ಒಟ್ಟಿಗೆ ಮೈಮೇಲೆ ಬೀಳುತ್ತದೆ. ಚಂಡೆಯವರು ಮಾಡುವುದೂ ಇದನ್ನೇ ಅಲ್ಲವೇ? ಮೌನ ಬಂದಾಗಲೆಲ್ಲ ಇಶಾಳ ಬಲಗೈ ಮಡಿಲಿನಿಂದ ಮೇಲೆದ್ದು ಮುಖದ ತನಕ ಬಂದು ಇಳಿಯುತ್ತಿತ್ತು. ಅದು ತಾಳ ಎಂದುಕೊಂಡೆ.

ಕೂಟಮಂಡ್ರಾ ದಾಟಿದ ಮೇಲೆ

ಆ ದಾರಿಯಲ್ಲಿ ಫೋನಿಗೆ ಸಿಗ್ನಲ್ ಬಂದು ಬಂದು ಹೋಗುತ್ತದೆ. ಕೂಟಮಂಡ್ರಾ ಎಂಬ ಊರು ದಾಟಿದ ಮೇಲೆ ಕಡ್ಡಿ ಮೂಡಿತು, ಮೇಲ್ ಬಂತು. ಬಹಳ ಮರ್ಯಾದೆಯ ಮೇಲ್. ತಡವಾದ್ದಕ್ಕೆ ಕ್ಷಮೆ. ಹೌದು, ಕಾರ್ಯಕ್ರಮದ ಹಲವು ಭಾಗಗಳಲ್ಲಿ ಸ್ಟ್ರೋಬ್ ಬಳಸುತ್ತಾರೆ. ತೊಂದರೆಯಿರುವವರು ಹಿಂದಿನ ಪಶ್ಚಿಮದ ಬಾಗಿಲ ಬಳಿ ನಿಲ್ಲಬಹುದು, ನಮ್ಮವರು ಅಲ್ಲಿರುತ್ತಾರೆ. ಕೊನೆಯಲ್ಲಿ ಒಳ್ಳೆಯ ಸಂಜೆಯ ಹಾರೈಕೆ.

ಫೋನನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಮೊದಲು ಬಂದ ಯೋಚನೆ 'ಇಶಾಗೆ ಹೇಳಬೇಕು' ಎಂಬುದಲ್ಲ. ಹೇಳದಿರುವುದಕ್ಕೆ ಎಷ್ಟು ಸಮರ್ಥನೆ ಸಿಗುತ್ತದೆ ಎಂಬುದು. ಮೂರು ಸಿಕ್ಕವು, ಮೂರೂ ಚೆನ್ನಾಗಿದ್ದವು. ಮೂರು ವರ್ಷ ಏನೂ ಆಗಿಲ್ಲ. ಬೆಳಕೇ ಕಾರಣ ಎಂದು ಸಾಬೀತಾಗಿಲ್ಲ. ಬಾಗಿಲ ಬಳಿ ನಿಂತರೆ ಸಾಕು ಎಂದು ಅವರೇ ಬರೆದಿದ್ದಾರೆ. ಯಾವ ತೀರ್ಪುಗಾರರೂ ಅಂಕ ಕಳೆಯಲಾರರು. ಫೋನ್ ತೆಗೆದು ಮೇಲನ್ನು ಮತ್ತೆ ಓದಿದೆ. ಅದು ಯಾವ ವಾದವನ್ನೂ ಕೇಳಿಸಿಕೊಳ್ಳಲಿಲ್ಲ.

ಪಕ್ಕದಲ್ಲಿ ಇಶಾ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ರೈಲು ಮರಗಳ ಸಾಲಿನ ಪಕ್ಕ ಓಡುವಾಗ ಬಿಸಿಲು ಅವಳ ಮುಖದ ಮೇಲೆ ಹತ್ತಿ ಆರಿ ಹತ್ತಿ ಆರಿ ಆಯಿತು. ನನ್ನ ಊಟದ ಮೇಜಿನ ವಾದವೇ ಕಣ್ಣ ಮುಂದೆ ನಡೆಯುತ್ತಿತ್ತು. ಅವಳ ರೆಪ್ಪೆ ಅದುರಿತು. ಎದ್ದು ಪರದೆ ಎಳೆಯಲು ಹೋದೆ. ಅದು ಸಿಕ್ಕಿಹಾಕಿಕೊಂಡಿತ್ತು. ಜೋರಾಗಿ ಜಗ್ಗಿದ ರಭಸಕ್ಕೆ ಪರದೆಯ ಕಂಬಿಯೇ ಕಳಚಿ ಬೆವ್ ಅಜ್ಜಿಯ ಉಣ್ಣೆಯ ಮೇಲೆ ಬಿತ್ತು.

"ಡೋಂಟ್ ವರಿ, ಡಾರ್ಲ್" ಅಂದಳು ಅಜ್ಜಿ. ಕಂಬಿಯನ್ನು ಪಕ್ಕಕ್ಕಿಟ್ಟು, ಅರ್ಧ ಹೆಣೆದ ಟೋಪಿಯನ್ನು ನನ್ನ ಕೈಗೆ ಕೊಟ್ಟು, ಗಾಜಿಗೆ ಹಿಡಿ ಎಂದು ಸನ್ನೆ ಮಾಡಿದಳು. ಯಾಕೆ ಎಂದು ಕೇಳಲಿಲ್ಲ. ನಾನು ವಾಗಾ ತನಕ ಒಂದು ಹಸಿರು ಟೋಪಿಯನ್ನು ಕಿಟಕಿಗೆ ಒತ್ತಿ ಹಿಡಿದು ಕೂತೆ. ಅವಳು ಇಳಿಯುವಾಗ ಮರಳಿ ಕೊಟ್ಟೆ. ಕಿಸೆಯಲ್ಲಿದ್ದ ಪೆಪ್ಪರ್‌ಮಿಂಟನ್ನು ಆಗ ತಿಂದೆ.

ಮೆಲ್ಬರ್ನ್, ಟ್ರಾಂ ಸ್ಟಾಪು

ಮೆಲ್ಬರ್ನ್‌ನಲ್ಲಿ ನಾಲ್ಕು ಋತುಗಳು ಒಂದೇ ದಿನದಲ್ಲಿ ಬರುತ್ತವೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಪಡುವಂಥದ್ದೇನಿದೆಯೋ. ಶುಕ್ರವಾರ ಮಧ್ಯಾಹ್ನ ಬೆವರುತ್ತಾ ಹೊರಟವರು ಸಂಜೆ ಐದಕ್ಕೆ ಟ್ರಾಂ ಸ್ಟಾಪಿನಲ್ಲಿ ಚಳಿಗೆ ಹಲ್ಲು ಕಟಕಟಿಸುತ್ತಾ ಕೂತಿದ್ದೆವು. ಕಾಗದದ ಪೊಟ್ಟಣದಲ್ಲಿ ಬಿಸಿ ಚಿಪ್ಸ್ ತಂದಿದ್ದೆ. ಅಂಗಡಿಯಾತ ಕೇಳದೆಯೇ ಅದರ ಮೇಲೆ ವಿನೆಗರ್ ಸುರಿದಿದ್ದ. ಕೈಯೆಲ್ಲ ಹುಳಿ ವಾಸನೆ.

ಹಾಲ್ ಎರಡು ಸ್ಟಾಪ್ ದೂರದಲ್ಲಿತ್ತು. ಈಗ ಹೇಳದೆ ಆಮೇಲೆ ಹೇಳಿದರೆ ಅದು ಹೇಳಿದಂತಾಗುವುದಿಲ್ಲ.

"ಇಶಾ, ನಾನು ನಿಮ್ಮಮ್ಮನಿಗೆ ಸುಳ್ಳು ಹೇಳಿದೆ. ಸ್ಟ್ರೋಬ್ ಇದೆ. ನಿನ್ನೆ ರೈಲಲ್ಲೇ ಮೇಲ್ ಬಂತು."

ಅವಳು ಚಿಪ್ಸ್ ತಿನ್ನುವುದನ್ನು ನಿಲ್ಲಿಸಲಿಲ್ಲ. "ಐ ನೋ."

"ಗೊತ್ತಾ?"

"ಟಿಕೆಟ್ ಮೇಲೇ ಬರ್ದಿದೆ ಅಕ್ಕ. ಕೆಳಗಡೆ. ವಾರ್ನಿಂಗ್, ಸ್ಟ್ರೋಬ್ ಲೈಟಿಂಗ್. ನೀನು ಟಿಕೆಟ್ ಓದಲ್ವಾ? ಯು ಆರ್ ದ ಲಾಯರ್."

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಹತ್ತು ಹಾಡಿಗೆ ಹತ್ತು ಸಾಲು. ಪ್ರತಿ ಸಾಲಿನಲ್ಲಿ ನಿಮಿಷ, ಸೆಕೆಂಡು, ಕೆಂಪು ಚುಕ್ಕೆಗಳು. ಸದ್ದು ಎಲ್ಲಿ ನಿಂತು ಎಲ್ಲಿ ಬೀಳುತ್ತದೋ ಅಲ್ಲೆಲ್ಲ ಚುಕ್ಕೆ. ಸ್ಟ್ರೋಬ್ ಬರುವುದಾದರೆ ಅಲ್ಲೇ ಬರಬೇಕು ಎಂಬುದು ಅವಳ ಲೆಕ್ಕ. ಅಂಥ ದೀಪವಿರುವ ವೀಡಿಯೋ ನೋಡುವಂತಿಲ್ಲವಲ್ಲ, ಆದ್ದರಿಂದ ಬರೀ ಕಿವಿಯಿಂದ ಮಾಡಿದ ನಕ್ಷೆ. ಚುಕ್ಕೆ ಬಂದಾಗ ಬಲಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಬೇಕು, ಮುಖ ತಿರುಗಿಸಬೇಕು. ಎರಡೂ ಕಣ್ಣು ಸುಮ್ಮನೆ ಮುಚ್ಚಿದರೆ ರೆಪ್ಪೆಯೊಳಗೂ ಬೆಳಕು ಬರುತ್ತದೆ, ಒಂದನ್ನು ಅಂಗೈಯಲ್ಲಿ ಮುಚ್ಚುವುದೇ ವಾಸಿ ಎಂದು ಡಾಕ್ಟರು ಕಲಿಸಿದ್ದರಂತೆ. ರೈಲಿನಲ್ಲಿ ಅವಳ ಕೈ ಏಳುತ್ತಿದ್ದದ್ದು ತಾಳವಾಗಿರಲಿಲ್ಲ. ಅಭ್ಯಾಸ.

"ಅಮ್ಮನಿಗೆ ಹೇಳೋಣ" ಅಂದೆ.

"ಷಿ ವಿಲ್ ಸೇ ನೋ."

"ಅನ್ನಲಿ."

ನಾನೇ ಫೋನ್ ಮಾಡಿದೆ, ಸ್ಪೀಕರಿನಲ್ಲಿ. ನನ್ನ ಸುಳ್ಳು, ಆ ಮೇಲ್, ಹಿಂದಿನ ಬಾಗಿಲು, ಇಶಾಳ ಚುಕ್ಕೆಗಳ ಪಟ್ಟಿ, ಎಲ್ಲ ಹೇಳಿದೆ. ಸಮರ್ಥನೆಗಳನ್ನು ತಯಾರು ಮಾಡಿಟ್ಟುಕೊಂಡಿದ್ದೆ, ಬಯ್ದರೆ ಬೇಕಾಗುತ್ತದೆ ಎಂದು. ಚಿಕ್ಕಮ್ಮ ಬಯ್ಯಲಿಲ್ಲ. ಒಂದು ಟ್ರಾಂ ಬಂದು, ಜನ ಹತ್ತಿ ಇಳಿದು, ಗಂಟೆ ಬಾರಿಸಿಕೊಂಡು ಹೋಯಿತು. ಫೋನಿನಲ್ಲಿ ಹಿಂದೆ ಅವರ ಮನೆಯ ಫ್ರಿಜ್ ಗುಂಯ್‌ಗುಟ್ಟುವುದು ಕೇಳುತ್ತಿತ್ತು.

"ಇಶಾ," ಕೊನೆಗೆ ಚಿಕ್ಕಮ್ಮ ಅಂದಳು, "ನಾನು ಬೇಡ ಅಂದ್ರೆ ನೀನು ಎಂತ ಮಾಡ್ತೀ?"

"ಹೋಗಲ್ಲ ಅಮ್ಮ. ವಾಪಸ್ ಬರ್ತೀನಿ." ನಾನಿದ್ದ ಅಷ್ಟೂ ದಿನಗಳಲ್ಲಿ ಅವಳು ಅಮ್ಮನಿಗೆ ಕನ್ನಡದಲ್ಲಿ ಉತ್ತರಿಸಿದ್ದು ಅದೊಂದೇ ಸಲ.

ಮತ್ತೆ ಮೌನ. ಆ ಆಲ್ಬಂನಲ್ಲಿ ಅಷ್ಟುದ್ದದ ಮೌನ ಎಲ್ಲೂ ಇಲ್ಲ.

"ನಿನ್ನೆ ಸರಿ ನಿದ್ದೆ ಮಾಡಿದ್ದೀಯಾ? ಮಾತ್ರೆ? ಹಿಂದಿನ ಬಾಗಿಲ ಹತ್ರವೇ ನಿಲ್ಲಬೇಕು. ಸ್ವಲ್ಪ ಎಂತಾದ್ರೂ ಅನ್ನಿಸಿದ್ರೆ ಹೊರಗೆ. ನಿಧಿ, ಕೇಳ್ತಾ ಇದ್ದೀಯಾ? ಬಿದ್ರೆ ಒತ್ತಿ ಹಿಡಿಬೇಡ. ಬಾಯಿಗೆ ಎಂತದೂ ಹಾಕ್ಬೇಡ. ಕನ್ನಡಕ ತೆಗಿ, ಮಗ್ಗುಲಿಗೆ ತಿರುಗ್ಸು, ಗಡಿಯಾರ ನೋಡು, ಆಂಬ್ಯುಲೆನ್ಸ್ ಕರಿ. ಹೇಳು ನೋಡುವ."

ನಾನು ಹೇಳಿದೆ.

"ಇನ್ನೊಂದು ಸಲ."

ಹೇಳಿದೆ.

"ಶೋ ಎಷ್ಟೊತ್ತಿಗೆ?"

"ಏಳಕ್ಕೆ ಅಂತ ಟಿಕೆಟಲ್ಲಿದೆ."

"ಆ ಪಟ್ಟಿಯ ಫೋಟೋ ಕಳ್ಸು ನಂಗೆ. ಆಲ್ಬಂ ಎಲ್ಲಿ ಸಿಗ್ತದೆ ಅಂತಲೂ ಕಳ್ಸು." ಫೋನ್ ಇಟ್ಟಳು. ಹೋಗಿ ಬನ್ನಿ ಎಂದು ಈ ಸಲ ಹೇಳಲಿಲ್ಲ.

ಹಾಲ್

ಪಶ್ಚಿಮದ ಬಾಗಿಲ ಬಳಿ ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ನಿಂತಿದ್ದಳು. ವಿಷಯ ಹೇಳಿದ್ದಕ್ಕೆ ಬಾಗಿಲ ಚಿಲಕ ತೆಗೆದಿಟ್ಟು, ನೋ ವರೀಸ್ ಅಂದಳು. ಮೊದಲ ಸಲ ಆ ಮಾತು ನನಗೆ ಉಪಕಾರವಾಗಿ ಕೇಳಿಸಿತು.

ಏಳಕ್ಕೆ ವೇದಿಕೆಗೆ ಬಂದದ್ದು ಆ ಫ್ರೆಂಚ್ ಜೋಡಿಯಲ್ಲ, ಅವರಿಗಿಂತ ಮೊದಲು ನುಡಿಸುವ ಯಾವನೋ ಲ್ಯಾಪ್‌ಟಾಪಿನವನು. ಸಾದಾ ನೀಲಿ ದೀಪ. ಅವನು ಮುಗಿಸಿ ಹೋದ ಮೇಲೆ ಕಪ್ಪು ಅಂಗಿಯವರು ಬಂದು ವೈರು ಎಳೆಯುತ್ತಾ ಓಡಾಡಿದರು. ನಮ್ಮೂರಿನ ನಾಟಕಗಳೂ ತಡವಾಗುತ್ತವೆ. ಆದರೆ ಅಲ್ಲಿ ಯಾರಾದರೂ ಮೈಕ್ ಹಿಡಿದು ಇನ್ನು ಕೆಲವೇ ಕ್ಷಣಗಳಲ್ಲಿ ಎಂದು ಗಂಟೆಗಟ್ಟಲೆ ಹೇಳುತ್ತಿರುತ್ತಾರೆ. ಇಲ್ಲಿ ಏನೂ ಇಲ್ಲ. ಜನ ಬಿಯರ್ ಹಿಡಿದು ಶಾಂತವಾಗಿ ನಿಂತಿದ್ದರು.

ಎಂಟಕ್ಕೆ ಐದು ನಿಮಿಷವಿದ್ದಾಗ ನನ್ನ ಫೋನ್ ಅದುರಿತು. ಚಿಕ್ಕಮ್ಮ.

'ಹತ್ತೂ ಆಯ್ತು. ದೇವರು ದೊಡ್ಡವನು. ಮಗು ಹೇಗಿದ್ದಾಳೆ?'

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಟಿಕೆಟಿನ ಸಮಯಕ್ಕೆ ಸರಿಯಾಗಿ, ಏಳಕ್ಕೆ, ದಿ ಪಾಂಡ್ಸ್‌ನ ಅಡುಗೆಮನೆಯಲ್ಲಿ ಆಲ್ಬಂ ಹಾಕಿದ್ದಾಳೆ. ಪಟ್ಟಿ ಹಿಡಿದು ಒಂದೊಂದು ಕೆಂಪು ಚುಕ್ಕೆಯನ್ನೂ ದಾಟಿದ್ದಾಳೆ. ಹತ್ತನೆಯದು ಮುಗಿದಿದೆ, ಮಗಳು ಪಾರಾಗಿದ್ದಾಳೆ, ಈಗ ಉಸಿರು ಬಿಟ್ಟು ಕೂತಿದ್ದಾಳೆ. ಇಲ್ಲಿ ನಾವು ಖಾಲಿ ವೇದಿಕೆಯ ಮುಂದೆ ನಿಂತಿದ್ದೇವೆ.

'ಚೆನ್ನಾಗಿದ್ದಾಳೆ' ಎಂದು ಬರೆಯಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವಳು ಆರಾಮಾಗಿ ಮಲಗುತ್ತಿದ್ದಳು. ಇದನ್ನು ಯಾವ ನೀತಿಯಿಂದ ನೋಡಿದರೂ ದಯೆ ಎನ್ನಬಹುದು, ನಾನು ಹತ್ತು ನಿಮಿಷ ಮಾತಾಡಿ ಸಾಧಿಸಬಲ್ಲೆ. ಬರೆದೆ, ಅಳಿಸಿದೆ. ಮತ್ತೆ ಬರೆದೆ:

'ಚೆನ್ನಾಗಿದ್ದಾಳೆ. ಆದ್ರೆ ಇನ್ನೂ ಶುರುವಾಗಿಲ್ಲ ಚಿಕ್ಕಮ್ಮ. ತಡ ಆಗಿದೆ.'

ಉತ್ತರ ಬರಲಿಲ್ಲ. ಎಂಟೂಕಾಲಕ್ಕೆ ಹಾಲ್ ಕತ್ತಲಾಯಿತು, ಐದು ಸಾವಿರ ಗಂಟಲುಗಳಂತೆ ಕೇಳುವ ಒಂದು ಕೂಗು ಎದ್ದಿತು. ನಾನು 'ಈಗ' ಎಂದು ಮಾತ್ರ ಕಳಿಸಿದೆ. ತಕ್ಷಣ ಬಂತು: 'ಹಾಂ.'

ನಾನು ವೇದಿಕೆಗೆ ಬೆನ್ನು ಹಾಕಿ ಇಶಾಳ ಎದುರು ನಿಂತೆ.

ಹೀಗಾಗಿ ಆ ಫ್ರೆಂಚರು ನೋಡಲು ಹೇಗಿದ್ದಾರೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನಗೆ ಕಂಡದ್ದು ಒಂದು ಮುಖ, ಅದರ ಮೇಲೆ ಬಿದ್ದ ಬಣ್ಣಗಳು. ಹಳದಿ ಜಾಕೆಟ್ಟಿನವಳು ನನ್ನ ಭುಜ ತಟ್ಟಿ ವೇದಿಕೆ ಆ ಕಡೆ ಇದೆ ಎಂದು ತೋರಿಸಿದಳು. ಗೊತ್ತು ಎಂದೆ. ಅವಳು ಇಶಾಳನ್ನೂ ನನ್ನನ್ನೂ ನೋಡಿ ತನ್ನ ಬಾಗಿಲಿಗೆ ಹಿಂದಿರುಗಿದಳು. ಪೆಟ್ಟುಗಳು ನೆಲದಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಹಲ್ಲಿಗೆ ಹತ್ತುತ್ತಿದ್ದವು. ಎರಡನೇ ಹಾಡಿನ ಮೌನ ಬಂತು. ಇಶಾಳ ಅಂಗೈ ಬಲಗಣ್ಣಿಗೆ ಏರಿತು, ಮುಖ ಬಾಗಿಲ ಕಡೆ ತಿರುಗಿತು. ನನ್ನ ಹಿಂದೆ ಇಡೀ ಹಾಲ್ ಬಿಳಿಯಾಗಿ ಚೂರುಚೂರಾಯಿತು. ಅವಳ ಲೆಕ್ಕ ಸರಿಯಿತ್ತು. ಮೂರು, ನಾಲ್ಕು, ಐದು, ಆರು. ಪ್ರತಿ ಚುಕ್ಕೆಯೂ ಅದರ ಜಾಗದಲ್ಲೇ ಬಂತು. ಆರನೆಯದು ಮುಗಿಯುವಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಏಳನೆಯದು. ಇಶಾ ನೆಟ್ಟಗೆ ನಿಂತಳು. ಮೊದಲ ಮೌನ, ಕೈ ಏರಿತು, ಬೆಳಕು ಬಂತು, ಹೋಯಿತು. ಎರಡನೆಯದು, ಅವಳು ಮೂರು ವರ್ಷದ ಹಿಂದೆ ಬಿದ್ದ ಜಾಗ, ಅದೂ ಹೋಯಿತು. ಅವಳು ಕೈ ಇಳಿಸಿದಳು. ನಕ್ಷೆಯ ಪ್ರಕಾರ ಇನ್ನು ಚುಕ್ಕೆಯಿಲ್ಲ, ಹಾಡು ಇಳಿಯುತ್ತಾ ಮುಗಿಯಬೇಕು. ಆ ಇಬ್ಬರಿಗೆ ಅಂದು ಏನನ್ನಿಸಿತೋ, ಮುಗಿಸಲಿಲ್ಲ. ಆಲ್ಬಂನಲ್ಲಿ ಇಲ್ಲದ ಒಂದು ಸದ್ದು ಎಲ್ಲಿಂದಲೋ ಬಂತು, ಏರಿತು, ಮೌನವೇ ಇಲ್ಲದೆ ನೇರವಾಗಿ ಒಡೆಯಿತು. ಅವಳ ಎರಡೂ ಕಣ್ಣು ತೆರೆದಿದ್ದವು. ಕನ್ನಡಕದ ಗಾಜುಗಳು ಬಿಳಿ, ಕಪ್ಪು, ಬಿಳಿ, ಕಪ್ಪು.

ನಾನು ಕೈ ಬೀಸಿದೆ. ಮುಚ್ಚಲು ಹೋದದ್ದು, ಹೊಡೆದಂತಾಯಿತು. ಕನ್ನಡಕ ಹಾರಿಹೋಯಿತು. ನನ್ನ ಅಂಗೈ ಅವಳ ಬಲಗಣ್ಣಿನ ಮೇಲೆ, ಅರ್ಧ ಮೂಗಿನ ಮೇಲೆ. ಇನ್ನೊಂದು ಕಣ್ಣು ನನ್ನನ್ನು ದಾಟಿ ಎಲ್ಲೋ ನೆಟ್ಟಿತ್ತು. ಬಾಯಿ ತೆರೆದಿತ್ತು. ಮುಖದಲ್ಲಿ ಯಾರೂ ಇರಲಿಲ್ಲ.

"ಇಶಾ."

ಕನ್ನಡಕ ಬಿದ್ದಾಗಿದೆ. ಮಗ್ಗುಲಿಗೆ ತಿರುಗಿಸು. ಗಡಿಯಾರ. ಒಂದು. ಎರಡು. ಗಡಿಯಾರ ನೋಡಬೇಕಾದ ಕೈ ಅವಳ ಮುಖದ ಮೇಲಿತ್ತು. ಮೂರು. ನಾಲ್ಕು. ನಾನು ಗೆದ್ದ ಎಲ್ಲ ಚರ್ಚೆಗಳನ್ನೂ ತೆಗೆದುಕೋ, ವಾಪಸ್ ತೆಗೆದುಕೋ ಎಂದು ಯಾರಿಗೋ ಹೇಳುತ್ತಿದ್ದೆ. ಐದು.

"ಅಕ್ಕಾ," ಅಂದಳು ಇಶಾ, ನನ್ನ ಅಂಗೈಯ ಕೆಳಗಿನಿಂದ. "ಯುವರ್ ಹ್ಯಾಂಡ್ ಸ್ಟಿಂಕ್ಸ್ ಆಫ್ ವಿನೆಗರ್."

ಅವಳು ಕೇಳುತ್ತಿದ್ದಳು ಅಷ್ಟೇ. ಹಾಡಿನೊಳಗೆ ಹೋಗಿದ್ದಳು. ಎದುರಿಗೆ ಅರ್ಧ ಮೊಳ ದೂರದಲ್ಲಿ ನಿಂತು, ಬೇರೇನನ್ನೂ ನೋಡದೆ ನೋಡಿದರೂ, ಅದು ಸಂತೋಷವೋ ಮೂರ್ಛೆಯೋ ನನಗೆ ತಿಳಿಯಲಿಲ್ಲ. ಬಾಗಿಲಿಂದ ಹೊರಗೆ ಹೋಗೋಣ ಎಂದು ಅವಳ ತೋಳು ಹಿಡಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ನನ್ನ ಕೈಯನ್ನು ಸರಿಸಿ ತನ್ನದೇ ಅಂಗೈಯನ್ನು ಅಲ್ಲಿಟ್ಟುಕೊಂಡು, ಏಳನೇ ಹಾಡು ಮುಗಿಯುವ ತನಕ ನಿಂತಳು. ಮುಗಿದಾಗ ನಿಂತೇ ಇದ್ದಳು. ಆಮೇಲೆ ತಾನೇ ನನ್ನನ್ನು ಹೊರಗೆ ಕರೆದುಕೊಂಡು ಹೋದಳು. ಹೊರಗೆ ಇನ್ನೂ ಸಂಜೆಯ ಬೆಳಕು ಪೂರ್ತಿ ಆರಿರಲಿಲ್ಲ. ಉಳಿದ ಮೂರು ಹಾಡುಗಳನ್ನು ಮೆಟ್ಟಿಲ ಮೇಲೆ ಕೂತು ಗೋಡೆಯಾಚೆಯಿಂದ ಕೇಳಿದೆವು. ಹಳದಿ ಜಾಕೆಟ್ಟಿನವಳು ಕನ್ನಡಕ ಹುಡುಕಿ ತಂದುಕೊಟ್ಟಳು. ಒಂದು ಗಾಜು ಸೀಳಿತ್ತು.

ಮತ್ತೆ ದಿ ಪಾಂಡ್ಸ್

ಭಾನುವಾರ ಮನೆಗೆ ಬಂದಾಗ ಚಿಕ್ಕಮ್ಮ ಮಗಳನ್ನು ಅಪ್ಪಿಕೊಳ್ಳಲಿಲ್ಲ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. "ಹೋಗು, ಸ್ನಾನ ಮಾಡು" ಅಂದಳು.

ಫ್ರಿಜ್ಜಿನ ಬಾಗಿಲ ಮೇಲೆ, ತರಕಾರಿ ಪಟ್ಟಿಯ ಪಕ್ಕದಲ್ಲಿ, ಒಂದು ಕಾಗದವಿತ್ತು. ಹತ್ತು ಹಾಡುಗಳನ್ನು ಚಿಕ್ಕಮ್ಮ ಕೈಯಲ್ಲೇ ನಕಲು ಮಾಡಿದ್ದಳು, ಕೆಂಪು ಪೆನ್ನಿನ ಚುಕ್ಕೆ ಸಮೇತ. ಪ್ರತಿ ಸಾಲಿನ ಎದುರಿಗೂ ಎರಡು ಟಿಕ್. ಮೊದಲ ಟಿಕ್‌ಗಳು ಲ್ಯಾಬಿನ ಶಿಸ್ತಿನವು, ಒಂದರ ಕೆಳಗೊಂದು ನೂಲು ಹಿಡಿದ ಹಾಗೆ. ಎರಡನೆಯವು ಹಾಗಿರಲಿಲ್ಲ. ಏಳನೇ ಸಾಲಿನಲ್ಲಿ ಪೆನ್ನು ಕಾಗದ ಹರಿದು ಫ್ರಿಜ್ಜಿನ ಬಣ್ಣಕ್ಕೆ ಗೀರು ಹಾಕಿತ್ತು.

"ಆ ಏಳನೇದು ಎಂತ ಹಾಡು ಮಾರಾಯ್ತಿ," ಅಂದಳು ಹಿಂದಿನಿಂದ. "ಗಿರಣಿ ಕೆಟ್ಟ ಹಾಗೆ. ಎರಡು ಸಲ ಕೇಳಿದೆ. ಎರಡನೇ ಸಲ ಅಷ್ಟು ಕೆಟ್ಟದಿಲ್ಲ." ಆಮೇಲೆ ಕೈ ಚಾಚಿದಳು. "ಮೇಲ್ ತೋರ್ಸು."

ತೋರಿಸಿದೆ. ಓದಿದಳು. ಬೆರಳಿಟ್ಟುಕೊಂಡು ಮತ್ತೊಮ್ಮೆ ಓದಿದಳು. ಫೋನ್ ವಾಪಸ್ ಕೊಟ್ಟು ಒಲೆ ಹಚ್ಚಿದಳು. ಬಯ್ದಿದ್ದರೆ ಉತ್ತರ ಕೊಡಬಹುದಿತ್ತು.

ನಾಲ್ಕು ದಿನದ ನಂತರ ಏರ್‌ಪೋರ್ಟಿಗೆ ಬಿಡಲು ಅವಳೇ ಬಂದಳು. ಇಶಾ ಹೊಸ ಕನ್ನಡಕ ಹಾಕಿಕೊಂಡು ನನ್ನ ಟ್ರಾಲಿಯ ಮೇಲೆ ಕೂತಿದ್ದಳು. ಅಮ್ಮನಿಗೆ ಕೊಡಲು ಒಂದು ಡಬ್ಬಿ ಗೋಡಂಬಿ, ಅಪ್ಪನಿಗೆ ಒಂದು ಅಂಗಿ. ಒಳಗೆ ಹೋಗುವ ಬಾಗಿಲ ಬಳಿ ಚಿಕ್ಕಮ್ಮ ಕೇಳಿದಳು:

"ಪಾಸ್‌ಪೋರ್ಟ್ ಇಟ್ಕೊಂಡಿದ್ದೀಯಾ?"

"ಇಟ್ಕೊಂಡಿದ್ದೀನಿ ಚಿಕ್ಕಮ್ಮ."

"ತೋರ್ಸು."

ನಾನು ಬ್ಯಾಗಿನ ಜಿಪ್ ಎಳೆದು, ಪಾಸ್‌ಪೋರ್ಟ್ ತೆಗೆದು, ಅವಳ ಕಣ್ಣ ಮುಂದೆ ಹಿಡಿದೆ. ಚಿಕ್ಕಮ್ಮ ನೋಡಿದಳು. ಇನ್ನೊಂದು ಸಲ ನೋಡಿದಳು.